ಎಡಗಾಲಿಗೆ ಎಣ್ಣೆ, ಬಲಗಾಲು ಕಂಟ್ರೋಲ್

ನಮ್ಮ ಕಾಕಾನಷ್ಟು ಸಂಶಯದ ಮನುಷ್ಯ ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಹುಡುಕಿದರೂ ಸಿಗಲಾರ. ಹೆಂಡತಿಯ ಮೇಲೆ ಸಂಶಯ, ನೆರೆಯವರ ಮೇಲೆ ಸಂಶಯ ಎಂದು ತಿಳಿಯಬೇಡಿ. ಅಂಥ ಸಣ್ಣಪುಟ್ಟ ಸಂಶಯಕ್ಕೆಲ್ಲ ಅವನಿಗೆ ಪುರುಸೊತ್ತಿಲ್ಲ! ಚಹಾ ಕುಡಿದೆ, ತಲೆನೋವು ಹೋಯಿತು ಎಂದು ನೀವು ಅಂದರೆ, "ಕುಡೀಲಾರದ ನೋಡೀರೇನು?" ಎಂದು ಕೇಳುವವನು ಅವನು. ಹೆಸರು ಹೇಳುವುದಿಲ್ಲ. ಹೇಳಿದರೆ ಅದು ತನ್ನದೇ ಹೆಸರು ಎನ್ನುವುದಕ್ಕೆ ಪುರಾವೆ ಕೇಳಿಯಾನು.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಹುನಗುಂದದ ಸಾಲೆಯಲ್ಲಿ ಓದಿ, ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಬಾಗಲಕೋಟೆಯ ಒಂದು ಕಾಲೇಜು ಸೇರಿದ. ಆಮೇಲೆ ಇಡೀ ನೌಕರಿಯನ್ನು ಜೋಳದ ಕಾಳಿನ ಮುಂದೆ ಕುಳಿತು ಕಳೆದ. ಒಣಗಿದ ಕಾಳು ನೀರು ಕುಡಿದ ಕೂಡಲೇ ಅದರೊಳಗೆ ಒಂದು ಹೊಸ ಪ್ರೋಟೀನು ತಯಾರಾಗುತ್ತದಂತೆ. ಅದೇ ಕಿಣ್ವ. ಕಾಳಿನ ಗಟ್ಟಿ ಪಿಷ್ಟವನ್ನು ತುಂಡು ತುಂಡು ಮಾಡಿ ಎಳೆಯ ಮೊಳಕೆಗೆ ಉಣಿಸುವುದು ಅದರ ಕೆಲಸ. "ಈ ಪ್ರೋಟೀನು ಮಾಡು ಅಂತ ಕಾಳಿಗೆ ಯಾರು ಹೇಳ್ತಾರ? ಯಾವಾಗ ಹೇಳ್ತಾರ?" ಎನ್ನುವುದು ಕಾಕಾನ ಪ್ರಶ್ನೆ. ಮೂವತ್ತು ವರ್ಷ ಕೇಳಿದ. ಜೋಳ ಬಾಯಿ ಬಿಡಲಿಲ್ಲ.

ನಗಿಸಬೇಕೆಂದೇ ಬರೆಯಲು ಕುಳಿತಿದ್ದೇನೆ. ಆದರೆ ಸುಳ್ಳು ಹೇಳಲಾರೆ, ನಮ್ಮ ಮನೆಯಲ್ಲಿ ಈಗ ನಗು ಕಡಿಮೆ. ಬಾಗಲಕೋಟೆಯ ವಿದ್ಯಾಗಿರಿ ಬಡಾವಣೆಯ ಮನೆಯ ನಡುಮನೆಯಲ್ಲಿ ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ, ಹಾಸಿಗೆ ಹಿಡಿದಿದ್ದಾಳೆ. ಅನ್ನನಾಳದಲ್ಲಿ ಗಡ್ಡೆ. ಒಂದು ಬಟ್ಟಲು ಗಂಜಿ ಅವಳ ಗಂಟಲಿನಿಂದ ಕೆಳಗಿಳಿಯಿತೇ ಇಲ್ಲವೇ ಎನ್ನುವುದರ ಮೇಲೆ ನಮ್ಮ ದಿನ ಒಳ್ಳೆಯದೋ ಕೆಟ್ಟದೋ ಎಂದು ತೀರ್ಮಾನವಾಗುತ್ತದೆ. ಕಾಲೇಜಿಗೆಂದು ಅವರ ಮನೆಗೆ ಬಂದು ನೌಕರಿ ಸಿಕ್ಕ ಮೇಲೂ ಅಲ್ಲೇ ಉಳಿದ ನನಗೆ ಅವಳ ಕೈರೊಟ್ಟಿ ತಿಂದೇ ಮೈ ಬಂದದ್ದು. ಆದ್ದರಿಂದ ಕಾಕಾನ ಕಥೆ ಹೇಳುವಾಗ ಕಾಕು ನಡುನಡುವೆ ಬಂದೇ ಬರುತ್ತಾಳೆ.

ಕಾಕಾನ ವಿದ್ಯೆಯ ಮೂಲಮಂತ್ರ 'ಕಂಟ್ರೋಲ್'. ಒಂದು ಕಾಳಿಗೆ ಔಷಧಿ ಹಾಕಿದರೆ ಪಕ್ಕದಲ್ಲಿ ಇನ್ನೊಂದು ಕಾಳು ಔಷಧಿ ಇಲ್ಲದೆ ಕೂರಬೇಕು. ಆ ಎರಡನೆಯದೇ ಕಂಟ್ರೋಲ್. ಅದಿಲ್ಲದಿದ್ದರೆ ಔಷಧಿಯಿಂದಲೇ ಏನಾದರೂ ಆಯಿತು ಎಂದು ಹೇಳುವುದು ಹೇಗೆ? ಪ್ರಯೋಗಶಾಲೆಯಲ್ಲಿ ಇದು ಸರಿ. ಮನೆಯಲ್ಲೂ ಬೇಕೇ? ಒಮ್ಮೆ ಕಾಕಾನಿಗೆ ಎರಡೂ ಮೊಣಕಾಲು ಹಿಡಿದುಕೊಂಡವು. ಕಾಕು ತನ್ನ ತವರು ಇಳಕಲ್ಲಿನಿಂದ ಯಾರೋ ಕಾಸಿದ ಎಣ್ಣೆ ತರಿಸಿದಳು. ಕಾಕಾ ತಿಂಗಳಿಡೀ ಎಡಗಾಲಿಗೆ ಮಾತ್ರ ಹಚ್ಚಿಕೊಂಡ!

"ಬಲಗಾಲು ಏನು ಪಾಪ ಮಾಡೇತ್ರಿ?" ಎಂದಳು ಕಾಕು.

"ಅದು ಕಂಟ್ರೋಲು. ಅದಕ್ಕ ಹಚ್ಚಿದ್ರ ಎಣ್ಣಿ ಗುಣ ಗೊತ್ತಾಗೂದಿಲ್ಲ."

ತಿಂಗಳ ಕೊನೆಗೆ ಎರಡೂ ಕಾಲು ಒಂದೇ ಸಮ ಸುಧಾರಿಸಿದವು. ಎಣ್ಣೆಗೆ ಯಾವ ಗುಣವೂ ಇಲ್ಲ, ನೋವು ತಾನಾಗಿ ಹೋಗಿದೆ ಎಂದು ಕಾಕಾ ಊರಿಗೆಲ್ಲ ಸಾರಿದ. ನಿಜ ಸಂಗತಿ ನನಗೊಬ್ಬನಿಗೆ ಗೊತ್ತಿತ್ತು. ಮಧ್ಯಾಹ್ನ ಉಂಡು ಅವನು ಗೊರಕೆ ಹೊಡೆಯುವಾಗ ಕಾಕು ಸದ್ದಿಲ್ಲದೆ ಬಲಗಾಲಿಗೆ ಎಣ್ಣೆ ಸವರುತ್ತಿದ್ದಳು. "ವಿಜ್ಞಾನಕ್ಕ ಒಂದು ಕಾಲು ಸಾಕು ತಮ್ಮಾ, ನಡ್ಯಾಕ ಎರಡೂ ಬೇಕಲಾ," ಎಂದು ನನಗೆ ಕಣ್ಣು ಮಿಟುಕಿಸಿದ್ದಳು.

ಇನ್ನು ನನ್ನ ಪರಾಕ್ರಮ ಕೇಳಿ. ಮಾಳಿಗೆಯ ಮೇಲೆ ಕಾಕಾ ಎರಡು ಚೀಲ ಇಟ್ಟಿದ್ದ. ಒಂದರಲ್ಲಿ ಸಾದಾ ಜೋಳ. ಇನ್ನೊಂದರಲ್ಲಿ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಬೇರು ಮೊಳಕೆಯನ್ನೆಲ್ಲ ತಿಕ್ಕಿ ತೆಗೆದ ಜೋಳ. ನೋಡುವುದಕ್ಕೆ ಎರಡೂ ಒಂದೇ. ಕಾಕು ಮರೋಳದ ನೆಂಟರ ಮನೆಗೆ ಹೋಗುವ ಅವಸರದಲ್ಲಿ "ಹಿಟ್ಟು ಬೀಸಿಸ್ಕೊಂಡು ಬಾ" ಎಂದಳು. ನಾನು ಎರಡನ್ನೂ ಗಿರಣಿಗೆ ಹೊತ್ತು ಒಟ್ಟಿಗೇ ಸುರಿಸಿಬಿಟ್ಟೆ! ಮರುದಿನ ಕಾಕು ರೊಟ್ಟಿ ತಟ್ಟಲು ಕುಳಿತರೆ ಹಿಟ್ಟು ಕೈಗೇ ಸಿಗದು. ತಟ್ಟಿದಲ್ಲಿ ಹರಿಯಿತು, ಎತ್ತಿದಲ್ಲಿ ಮುರಿಯಿತು. ಇಳಕಲ್ಲಿನಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳಿಗೆ ರೊಟ್ಟಿ ಬರದಿರುವುದೆಂದರೆ ಸಣ್ಣ ಅವಮಾನವೇ? "ಈ ಜ್ವಾಳದಾಗ ಜಿಗುಟ ಇಲ್ಲಲ್ಲೋ!" ಎಂದು ಹಣೆ ಬಡಿದುಕೊಂಡಳು. ಕಾಕಾ ಒಂದು ಚೂರು ಬಾಯಿಗೆ ಹಾಕಿಕೊಂಡ. ಸಿಹಿ, ಮೊಳಕೆ ಬಂದ ಕಾಳಿನ ರುಚಿ. ನಿಧಾನವಾಗಿ ಮಾಳಿಗೆ ಹತ್ತಿ ನೋಡಿ ಬಂದ. ಅವನ ಮೂರು ತಿಂಗಳ ಸಂಶೋಧನೆಯನ್ನು ನಾವು ಬದನೆಕಾಯಿ ಪಲ್ಯದ ಜೊತೆ ಉಣ್ಣುತ್ತಿದ್ದೆವು.

ಬೈಯಲಿಲ್ಲ. ತಾಟಿನ ಮುಂದೆ ಕುಳಿತು ವಹಿಯಲ್ಲಿ ಏನೋ ಬರೆದುಕೊಂಡ. ಕಾಕುವಿಗೆ ಮಾತ್ರ ತಡೆಯಲಾಗಲಿಲ್ಲ. "ಇಷ್ಟು ವರ್ಷದ ನಿಮ್ಮ ವಿದ್ಯಾದಿಂದ ನನ್ನ ರೊಟ್ಟಿ ಕೆಡ್ತು ನೋಡ್ರಿ. ಉಣ್ಣಾವ್ರಿಗೆ ಉಪಯೋಗ ಆಗೂವಂಥಾದ್ದು ಏನರ ಮಾಡ್ರಿ!"

ಆಗ ನಕ್ಕೆವು. ಆ ಮಾತು ಅವನಿಗೆ ಎಲ್ಲಿ ತಾಗಿತೋ ನನಗೆ ಗೊತ್ತಿಲ್ಲ. ಅವನ ವಿದ್ಯೆಗೆ ಹೊರಗೂ ಮರ್ಯಾದೆ ಸಿಕ್ಕಿರಲಿಲ್ಲ. ಒಮ್ಮೆ ಜೋಳ ಬಾಯಿ ಬಿಟ್ಟಂತೆಯೇ ಆಗಿತ್ತು. ಎರಡು ಸಲ ಒಂದೇ ಫಲಿತಾಂಶ ಬಂತು. ಜೊತೆಯವರೆಲ್ಲ ಬರೆದು ಕಳಿಸಿಬಿಡು ಎಂದರು. "ಮೂರನೇ ಸಲ ಬರ್ಲಿ," ಎಂದ ಕಾಕಾ. ಮೂರನೆಯ ಸಲಕ್ಕೆ ಬೇಸಿಗೆಯಲ್ಲಿ ಕರೆಂಟು ಹೋಗಿ, ಫ್ರೀಜರಿನ ಮಂಜುಗಡ್ಡೆ ಕರಗಿ, ಒಳಗಿದ್ದ ಮಾದರಿಗಳೆಲ್ಲ ಕೊಳೆತವು. ಮತ್ತೆ ಮೊದಲಿನಿಂದ ಶುರು ಮಾಡುವಷ್ಟರಲ್ಲಿ ಎಲ್ಲಿಯೋ ದೂರದವರು ಅದನ್ನೇ ಕಂಡುಹಿಡಿದು ಅಚ್ಚು ಹಾಕಿಸಿದರು. ಸುದ್ದಿ ಓದಿದ ದಿನ ಕಾಕಾ ಕನ್ನಡಕ ಒರೆಸುತ್ತ ಏನೆಂದ ಗೊತ್ತೇ? "ಛಲೋ ಆತು. ಮೂರನೇ ಸಲ ಅವ್ರು ಮಾಡಿದಂಗಾತು."

ಆ ಹೊತ್ತು ಕಾಕು ಏನೂ ತಮಾಷೆ ಮಾಡಲಿಲ್ಲ. ಚಹಾ ತಂದಿಟ್ಟು ಅವನ ಪಕ್ಕ ಕುಳಿತಳು.

ಕಾಕಾ ನಿವೃತ್ತನಾದ. ಬಾದಾಮಿಯ ಬನಶಂಕರಿಗೆ ಹೋಗಿ ಬರೋಣ ಎಂದು ಕಾಕು ಎಷ್ಟೋ ದಿನದಿಂದ ಹೇಳುತ್ತಿದ್ದಳು. ಹೋದರು. ಅಲ್ಲಿ ಊಟಕ್ಕೆ ಕುಳಿತಾಗ ಅವಳಿಗೆ ಮೊದಲ ಸಲ ತುತ್ತು ಸಿಕ್ಕಿಕೊಂಡಿತು. ರೊಟ್ಟಿ ಆಯಿತು, ಅನ್ನವಾಯಿತು, ತಿಂಗಳೊಳಗೆ ಮೆತ್ತನೆಯದೂ ಇಳಿಯದಾಯಿತು. ದವಾಖಾನೆಯಲ್ಲಿ ಗಡ್ಡೆ ಎಂದರು, ಔಷಧಿ ಶುರು ಮಾಡಿದರು. "ತೂಕ ಇಳೀಬಾರದ್ರಿ. ಇಳಿದ್ರ ಔಷಧ ಮೈಗೆ ತಡಿಯೂದಿಲ್ಲ," ಎಂದರು ಡಾಕ್ಟರು. ಗಂಜಿ ಗಟ್ಟಿ ಮಾಡಿದರೆ ಗಂಟಲು ಒಲ್ಲೆ ಅನ್ನುತ್ತಿತ್ತು. ನೀರು ಮಾಡಿದರೆ ಇಳಿಯುತ್ತಿತ್ತು, ಆದರೆ ಬರೀ ನೀರಿನಿಂದ ಮೈ ನಿಲ್ಲುತ್ತದೆಯೇ? ನಮ್ಮ ಕಣ್ಣೆದುರೇ ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಕಾಕಾ ಜೋಳ ನೆನೆಹಾಕಿದ. ಮೂರು ದಿನ ಮೊಳಕೆ ಬರಿಸಿ, ಒಣಗಿಸಿ, ಬೇರು ಮೊಳಕೆ ವಿಷವೆಂದು ಒಂದೂ ಉಳಿಯದಂತೆ ತಿಕ್ಕಿ ತೆಗೆದು, ಹಿಟ್ಟು ಮಾಡಿದ. ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಗಂಜಿ ಕುದಿಸಿ, ಕೈಬೆರಳು ತಡೆಯುವಷ್ಟು ಆರಿದ ಮೇಲೆ ಕಿಣ್ವ ತುಂಬಿದ ಆ ಹಿಟ್ಟು ಒಂದು ಚಮಚ ಹಾಕಿ ತಿರುವಿದ. ನಾನು ನೋಡನೋಡುತ್ತಿದ್ದಂತೆ ಗಟ್ಟಿ ಗಂಜಿ ಸಡಿಲಾಯಿತು, ತೆಳುವಾಯಿತು, ಮಜ್ಜಿಗೆಯಂತೆ ಹರಿಯಿತು. ನೀರು ಒಂದು ಹನಿ ಸೇರಿಸಿಲ್ಲ! ಕಾಳಿನ ಸತ್ವವೆಲ್ಲ ಒಳಗೇ ಇದೆ! ಮತ್ತೊಂದು ಕುದಿ ಕುದಿಸಿ, ಆರಿಸಿ, ಕಾಕುವಿನ ಕೈಗೆ ಕೊಟ್ಟ. ಗುಟುಕು ಗುಟುಕಾಗಿ ಬಟ್ಟಲು ಖಾಲಿಯಾಯಿತು. ನಾನು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಕಾಕಾ ಕಾಕಾನೇ ಅಲ್ಲವೇ? ಹಿಟ್ಟು ಹಾಕದ ಇನ್ನೊಂದು ಬಟ್ಟಲು ಗಟ್ಟಿ ಗಂಜಿ ಪಕ್ಕದಲ್ಲೇ ಇತ್ತು. ಕಂಟ್ರೋಲ್! ಅವಳು ಕುಡಿಯುವಾಗ ಎದುರಿಗೆ ಕುಳಿತು ಆ ತಣ್ಣನೆಯ ಮುದ್ದೆಯನ್ನು ತಾನು ತಿನ್ನುತ್ತಿದ್ದ. ಹೊತ್ತು ಹೊತ್ತಿಗೂ ಎರಡು ಬಟ್ಟಲು, ದಿನ ದಿನವೂ ವಹಿಯಲ್ಲಿ ಅವಳ ತೂಕ. ತೂಕ ನಿಂತಿತು. ಒಂದು ಕಿಲೋ ಏರಿತು ಕೂಡ. "ನೋಡ್ರಿ, ಕಡೀಗೂ ಉಣ್ಣಾವ್ರಿಗೆ ಉಪಯೋಗಾತು," ಎಂದು ಕಾಕು ದನಿಯಿಲ್ಲದ ದನಿಯಲ್ಲಿ ನಕ್ಕಳು. "ಇನ್ನೂ ಪುರಾವೆ ಸಿಕ್ಕಿಲ್ಲ," ಎಂದ ಕಾಕಾ, ಮುದ್ದೆ ನುಂಗುತ್ತ.

ಮೊನ್ನೆ ಸೋಮವಾರ ಹೊಸ ಸ್ಕ್ಯಾನಿನ ಫಲಿತಾಂಶ ತರಲು ಹೋಗಿದ್ದೆವು. ತೂಕ ಉಳಿದಿತ್ತು. ಆದರೆ ಗಡ್ಡೆ ಔಷಧಿಗೆ ಜಗ್ಗದೆ ಹರಡಿತ್ತು. ಡಾಕ್ಟರು ಕಾಕಾನನ್ನೂ ನನ್ನನ್ನೂ ಹೊರಗೆ ಕರೆದರು. "ಸರ, ಇನ್ನ ಔಷಧ ಸಾಕು ಮಾಡೂಣ್ರಿ. ಮನ್ಯಾಗ ಆರಾಮ ಇಡ್ರಿ." ಯಾವುದಕ್ಕೂ ಪುರಾವೆ ಕೇಳುವ ನಮ್ಮ ಕಾಕಾ ಅವತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಲೆ ಆಡಿಸಿದ, ಅಷ್ಟೇ. ಕಾಕುವಿಗೆ ನಾವು ಏನೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅವನು ಗಂಜಿ ಮಾಡಿ ತಂದ. ಕಾಕು ಅವನ ಕೈಯನ್ನು ನೋಡಿದಳು.

"ಒಂದ ಬಟ್ಟಲಾ ಐತಲ್ರೀ. ನಿಮ್ಮ ಕಂಟ್ರೋಲ್ ಎಲ್ಲಿ?"

"ಮಾಡಿಲ್ಲ."

"ಮತ್ತ ಇದರ ಗುಣ ಹ್ಯಾಂಗ ಗೊತ್ತಾಕ್ಕೈತಿ?"

ಕಾಕಾ ಹಾಸಿಗೆಯ ಅಂಚಿಗೆ ಕುಳಿತು, ಒಂದು ಕೈಯಿಂದ ಅವಳ ಬೆನ್ನಿಗೆ ಆಸರೆ ಕೊಟ್ಟು, ಬಟ್ಟಲನ್ನು ತುಟಿಗೆ ಹಿಡಿದ.

"ನನಗ ಇನ್ನ ಏನೂ ಗೊತ್ತಾಗೂದು ಬ್ಯಾಡ," ಎಂದ. "ನೀ ಕುಡಿ."