ಯಾರೂ ಕಾಣದ ಗ್ರಹದ ಚಿತ್ರ

ಖಗೋಳ ಸಂಸ್ಥೆಯ ಚಿತ್ರಗಾರರ ಮೇಜಿನ ಮೇಲೆ ಬೆಳಗ್ಗೆಯೇ ಒಂದು ಹಾಳೆ ಬಂದು ಬಿತ್ತು. ಹೊಸದಾಗಿ ಸಿಕ್ಕ ಗ್ರಹದ ಜಾತಕ: ತೂಕ ಭೂಮಿಯ ಎಂಟು ಪಟ್ಟು, ಒಂದು ವರ್ಷವೆಂದರೆ ನಮ್ಮ ಮೂರೇ ದಿನ, ಸೆಕೆ ಸಾವಿರದ ನೂರು ಡಿಗ್ರಿ. ಕೆಳಗೆ ನಿರ್ದೇಶಕರ ಕೈಬರಹ: "ನಾಲ್ಕಕ್ಕೆ ಪತ್ರಕರ್ತರು ಬರುತ್ತಾರೆ. ಚಿತ್ರ ಚೆನ್ನಾಗಿದ್ದರೆ ನಿಮ್ಮ ಕೆಲಸ ಕಾಯಂ."

ಆರು ವರ್ಷದಿಂದ ಹಂಗಾಮಿಯಾಗಿ ಸವೆದಿದ್ದ ಚಿತ್ರಗಾರರು, ಗ್ರಹ ಕಂಡುಹಿಡಿದ ವಿಜ್ಞಾನಿಯ ಬಳಿ ಓಡಿದರು.

"ಮೇಡಂ, ನೋಡೋಕೆ ಹೇಗಿದೆ ಅದು?"

"ನೋಡಿದೋರು ಯಾರ್ರೀ? ಅದು ಅಡ್ಡ ಬಂದಾಗ ನಕ್ಷತ್ರದ ಬೆಳಕು ಒಂಚೂರು ಮಂಕಾಯ್ತು, ಅಷ್ಟೇ."

"ಬಣ್ಣ?"

"ಗ್ರಾಫಲ್ಲಿ ನೀಲಿ ಇದೆ. ಪ್ರಿಂಟರಲ್ಲಿ ಬೇರೆ ಇಂಕ್ ಖಾಲಿಯಾಗಿತ್ತು."

ಚಿತ್ರಗಾರರು ಅಂಕಿಗಳನ್ನು ನಂಬಿ, ಅರ್ಧ ಕಪ್ಪು ಅರ್ಧ ಕೆಂಪಾದ ಕೆಂಡದುಂಡೆ ಬರೆದರು. ಪ್ರಚಾರಾಧಿಕಾರಿ ಮೂಗು ಮುರಿದರು.

"ತಳ ಹಿಡಿದ ಪಾತ್ರೆ ಥರ ಇದೆಯಲ್ರೀ! ಒಂದು ಸಮುದ್ರ ಹಾಕಿ."

"ಸಾವಿರದ ನೂರು ಡಿಗ್ರೀಲಿ ಸಮುದ್ರಾನಾ?"

"ಬಿಸಿನೀರಿನ ಸಮುದ್ರ!"

ಗ್ರಹ ಒಂಟಿಯಾಗಿದೆ, ಪಾಪ ಅನ್ನಿಸುತ್ತದೆ ಎಂದು ಹೆಡ್ ಕ್ಲರ್ಕ್ ಎರಡು ಚಂದ್ರರನ್ನು ಮಂಜೂರು ಮಾಡಿದರು. ಮೂರೂವರೆಗೆ ನಿರ್ದೇಶಕರು ಬಂದು ಬೆಟ್ಟದ ಸಾಲು, ಒಂದು ಸೂರ್ಯೋದಯ ಬೇಡಿದರು. ಕಾಯಂ ಕೆಲಸದ ಆಸೆಗೆ ಚಿತ್ರಗಾರರು ಎಲ್ಲವನ್ನೂ ಹಲ್ಲು ಕಚ್ಚಿ ಬರೆದುಕೊಟ್ಟರು. ಮೂಲೆಯಲ್ಲಿ ಸಣ್ಣಗೆ 'ಕಾಲ್ಪನಿಕ ಚಿತ್ರ' ಎಂದೂ ಬರೆದರು. ಅಕ್ಷರದಿಂದ ಅಂದ ಕೆಡುತ್ತದೆಂದು ಪ್ರಚಾರಾಧಿಕಾರಿ ಅದನ್ನು ಅಳಿಸಿಬಿಟ್ಟರು.

ಪರದೆ ಸರಿಯುತ್ತಿದ್ದಂತೆ ಪತ್ರಕರ್ತರು ಬಾಯಿ ಬಿಟ್ಟರು. "ಸಾರ್, ಇದು ನಿಮ್ಮ ಟೆಲಿಸ್ಕೋಪ್ ತೆಗೆದ ಫೋಟೋನಾ?"

ಚಪ್ಪಾಳೆಯ ಸದ್ದಿಗೆ ಉಬ್ಬಿಹೋಗಿದ್ದ ನಿರ್ದೇಶಕರು, "ಮತ್ತಿನ್ನೇನು!" ಎಂದುಬಿಟ್ಟರು.

ಐದಕ್ಕೆಲ್ಲ ಚಿತ್ರ ಊರಿನ ಎಲ್ಲರ ಫೋನಿನಲ್ಲಿತ್ತು. ಆರಕ್ಕೆ ನಿರ್ದೇಶಕರಿಂದ ಕರೆ ಬಂತು. ಚಿತ್ರಗಾರರು ತಲೆ ಬಾಚಿಕೊಂಡು ಹೋದರು.

"ನಮ್ಮ ಆಡಳಿತ ಮಂಡಳಿ ಅಧ್ಯಕ್ಷರಿಗೆ ಫೋಟೋ ತುಂಬಾ ಹಿಡಿಸ್ತು ಕಣ್ರೀ. ಕಾಯಂ ಮಾಡಿದಾರೆ."

"ನನ್ನನ್ನಾ ಸಾರ್?"

"ಟೆಲಿಸ್ಕೋಪ್ ಆಪರೇಟರನ್ನ. ಟೆಲಿಸ್ಕೋಪೇ ಇಷ್ಟು ಚೆನ್ನಾಗಿ ಫೋಟೋ ತೆಗೆಯುವಾಗ ಚಿತ್ರಗಾರ ಯಾಕೆ ಅಂತ ನಿಮ್ಮ ಹುದ್ದೆ ರದ್ದು."

"ನಿಜ ಹೇಳಿಬಿಡಿ ಸಾರ್!"

"ಹೇಳಿದರೆ ನನ್ನ ಹುದ್ದೆ ಹೋಗುತ್ತೆ." ನಿರ್ದೇಶಕರು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. "ಹೋಗೋ ಮುಂಚೆ ಒಂದು ಉಪಕಾರ ಮಾಡಿ. ಅಧ್ಯಕ್ಷರು ಗ್ರಹದ ಹಿಂಭಾಗದ ಫೋಟೋನೂ ಕೇಳಿದಾರೆ."