ಗಂಡಸರ ಕೈಯಾಗಿನ ಕರೆಂಟಿನ ಬೈರಿಗಿ

ಬರ್ರೆವಾ, ಕೂಡ್ರಿ. ಹಂಗ ತುದಿಗಾಲ ಮ್ಯಾಲ ಕೂಡಬ್ಯಾಡ್ರಿ, ಗ್ವಾಡಿಗೆ ಬೆನ್ನ ಕೊಟ್ಟು ಆರಾಮ ಕೂಡ್ರಿ. ಗಂಡಸರ ಕೈಯಾಗಿಂದ ಸಾಮಾನ ಬೀಳೂದು ಇವತ್ತಿಂದಲ್ಲ, ಬಿದ್ದ ಮ್ಯಾಲ ಹೆಂಗಸರ ಕಡೆ ಬೊಟ್ಟ ತೋರಸೂದೂ ಇವತ್ತಿಂದಲ್ಲ. ನಾ ಕಣ್ಣಾರೆ ಕಂಡದ್ದಷ್ಟ ಹೇಳ್ತೇನಿ.

ಇಚಲಕರಂಜಿಯಾಗ ನಮ್ಮದು ಬಡಗ್ಯಾರ ಮನಿ. ಪಡಸಾಲ್ಯಾಗ ಕೆಲಸ, ಒಳಗ ಸಂಸಾರ. ಕೆಲಸಕ್ಕ ಮೂರು ಮಂದಿ: ಮಾವನವರು, ನಮ್ಮ ಮನಿಯವರು, ನನ್ನ ಮೈದುನ. ಲಢಾಯಿ ಮುಗದ ವರ್ಷ ಕಬನೂರಿನ ಒಬ್ಬ ಮಾಲಕ ತನ್ನ ಮಗ್ಗಗೋಳಿಗೆ ಬೇಕಾದ ಕಟ್ಟಿಗಿ ಸಾಮಾನೆಲ್ಲ ನಮಗ ಹೇಳಿದ.

"ತುಳಸಿ ಲಗ್ನದೊಳಗ ಕೊಡ್ರಿ ಮಿಸ್ತ್ರಿ. ಕೊಟ್ರ ಮುಂದಿನ ಕೆಲಸಾನೂ ನಿಮಗ. ಇಲ್ಲಾಂದ್ರ ಕಾಗಲದಾಗ ಬಡಗ್ಯಾರಿಗೇನ ಬರ ಬಂದಿಲ್ಲ" ಅಂದ.

ಕೆಲಸ ತಪ್ಪಿದ್ರ ಮನಿಗೆ ಕೀಲಿ ಹಾಕಿ ಗಡಹಿಂಗ್ಲಜಕ್ಕ, ನನ್ನ ನಾದಿನಿ ಗಂಡನ ಮನಿಗೆ ಹೋಗಿ ಇರೂದು ಅಂತ ಮಾವನವರು ಠರಾಯಿಸಿಬಿಟ್ರು. ಆ ಮಾತ ಕೇಳಿದ್ರ ನನಗ ಅನ್ನ ಇಳೀತಿದ್ದಿಲ್ಲ. ಆ ಮನ್ಯಾಗ ಸೊಸಿ ರೊಟ್ಟಿಗೆ ಎಣ್ಣಿ ಹಚಗೊಂಡ್ರೂ ಅತ್ತಿ ಬಂದು ಬುಡ್ಡಿ ಅಲ್ಲಾಡಿಸಿ ನೋಡತಿದ್ದಳು.

ಯಾವ ಕಾಲು ಮೊದಲ?

ಒಂದೊಂದು ಕಟ್ಟಿಗಿಗೆ ಹತ್ತಾರು ತೂತು. ಕೈ ಬೈರಿಗಿ ತಿರುವಿ ತಿರುವಿ ನಮ್ಮ ಮನಿಯವರ ರಟ್ಟಿ ಬಾತಿದ್ವು. ಆವಾಗ ಲಷ್ಕರದ ಹಳೇ ಸಾಮಾನ ಕೊಲ್ಹಾಪುರದಾಗ ಮಾರಾಕ ಬರತಿದ್ವು. ಅಲ್ಲಿಂದ ಇವರು ಒಂದು ಕರೆಂಟಿನ ಬೈರಿಗಿ ತಂದ್ರು. ಎಳೇ ಕೂಸಿನಷ್ಟು ತೂಕ. ಮೋಟಾರಿನಾಗ ದಾರಿತುಂಬ ತೊಡಿ ಮ್ಯಾಲ ಇಟಗೊಂಡ ಬಂದ್ರಂತ. ನನ್ನ ಕೂಸಿಗೆ ಹುಟ್ಟಿದಾಗಿಂದ ಆ ಭಾಗ್ಯ ಸಿಕ್ಕಿದ್ದಿಲ್ಲ.

ನಾ ಆರತಿ ತಾಟ ಹಿಡಕೊಂಡು ಬಾಗಲಕ್ಕ ಬಂದೆ. "ದೂರ ನಿಂದರು. ಇದು ಯಂತ್ರ. ಹೆಂಗಸರು ಮುಟ್ಟಬಾರದು" ಅಂದ್ರು.

ಒಳಗಿಂದ ಮಾವನವರು, "ಬಲಗಾಲ ಮೊದಲ ಇಡೋ!" ಅಂದ್ರು.

ಇವರು ಬಲಗಾಲ ಎತ್ತಿದ್ರು. "ಅದು ಎಡಗಾಲು!" ಅಂದ ಮೈದುನ. ಅವ ಎದುರಿಗೆ ನಿಂತಿದ್ದ, ಅವನ ಎಡ ಇವರ ಬಲ. ಇವರು ಖರೇ ಅಂತ ಕಾಲ ಬದಲಿಸಿದ್ರು. "ಅಲ್ಲೋ, ಅದ ಸರಿ ಇತ್ತು!" ಅಂದ್ರು ಮಾವನವರು. ಮತ್ತ ಬದಲಿಸಿದ್ರು. ಹೊಸ್ತಿಲದ ಮ್ಯಾಲ ಹಿಂಗ ಕುಣಿಯೂದರಾಗ ಜೋತುಬಿದ್ದ ವಾಯರು ಎರಡೂ ಕಾಲಿಗೆ ಸುತಗೊಂತು. ಬೈರಿಗಿ ಮೊದಲ ಒಳಗ ಹೋತು, ಹಿಂದಿಂದ ಇವರು.

ಹಿಡಿಕಿ ಮುರದಿತ್ತು. ಎದ್ದು ಕೂತಾವರ, "ನಿನ್ನ ಆರತಿ ಹೊಗಿ ಕಣ್ಣಾಗ ಹೊಕ್ಕಿತು ನೋಡು" ಅಂದ್ರು.

ಆರತಿ ನಾ ಇನ್ನ ಹಚ್ಚಿದ್ದ ಇಲ್ಲ.

ಖಂಡೇನವಮಿ ಜಳಕ

ಮಾವನವರು ಹಲಸಿನ ಕಟ್ಟಿಗಿಯ ಹಿಡಿಕಿ ಮಾಡಿ ಕೂಡಿಸಿದ್ರು. ಕೆಲಸ ಓಡಾಕ ಹತ್ತಿತು. ಅಷ್ಟರಾಗ ಖಂಡೇನವಮಿ ಬಂತು. ಅವತ್ತ ಕೆಲಸದ ಸಾಮಾನೆಲ್ಲ ತೊಳದು, ಕುಂಕುಮ ಹಚ್ಚಿ ಪೂಜಾ ಮಾಡೂದು. ಉಳಿ, ಬಾಚಿ, ಗರಗಸ, ಎಲ್ಲಾ ಬಾವಿ ಕಟ್ಟಿಗೆ ಬಂದ್ವು. ಹಿಂದಿಂದ ಮೈದುನ ಕರೆಂಟಿನ ಬೈರಿಗಿ ಹೆಗಲ ಮ್ಯಾಲ ಹೊತಗೊಂಡ ಬಂದ.

"ಅಯ್ಯ, ಅದಕ್ಕ ನೀರ ತಾಗಸತಾರೇನೋ?" ಅಂದೆ.

"ವೈನಿ, ನಿಮಗ ಇದರಾಗಿಂದ ಏನ ತಿಳೀತದ? ಎಲ್ಲಾ ಸಾಮಾನ ಜಳಕ ಮಾಡಿ ಪೂಜಾಕ್ಕ ಕೂಡ್ತಾವು, ಇದೊಂದು ಮೈಲಿಗಿಲೆ ಕೂಡಬೇಕೇನು?" ಅಂದ.

ಸೀಗಿಕಾಯಿ ಪುಡಿ ಹಚ್ಚಿ ತಿಕ್ಕಿದ. ಅದರ ಮೈತುಂಬ ತೂತು. ತೂತಿನಾಗ ಕೊಳಿ ಕುಂತದ ಅಂತ ಕೊಡಾ ಬಗ್ಗಿಸಿ ನೀರ ಹೊಯ್ದ. ಎತ್ತಿ ಬಿಸಿಲಿಗೆ ಹಿಡದ. ಸೀಗಿಕಾಯಿ ನೊರಿ ಕೈಯಾಗ ನಿಂದರತದೇನು? ಜಾರಿ ಅರಬಿ ಒಗಿಯೂ ಕಲ್ಲ ಮ್ಯಾಲ ಬಿತ್ತು. ಹೊಟ್ಟಿ ಒಡದು ಒಳಗಿನ ತಾಮ್ರದ ತಂತಿ ಕರಳಿನಂಗ ಹೊರಗ ಬಂತು.

ಮಾವನವರು ಆ ತಂತಿ ಒಳಗ ತುರುಕಿ ನೋಡಿ ಸಣ್ಣ ಮಗನಿಗೆ ಅಂದ್ರು: "ಹೋಗ್ಲಿ ಬಿಡು. ಸ್ವಚ್ಛರೆ ಆತು."

ಅಳಿಯ ಮುಟ್ಟಿದ್ದು

ನನ್ನ ಎಮ್ಮಿ ಮಾರಾಟಾಗಿ ಕೊಟ್ಟಿಗಿಯಿಂದ ಹೋತು, ಎರಡನೇ ಬೈರಿಗಿ ಪಡಸಾಲಿಗೆ ಬಂತು. ಎಮ್ಮೀನ ನಾ ಮುಟ್ಟಬಹುದಿತ್ತು, ಇದನ್ನ ಮುಟ್ಟಾಂಗಿಲ್ಲ. ಅಷ್ಟ ಫರಕು.

ದೀಪಾವಳಿಗೆ ಗಡಹಿಂಗ್ಲಜದ ಅಳಿಯ, ಅಂದ್ರ ನನ್ನ ನಾದಿನಿ ಗಂಡ, ಆಕೀನ ಕರಕೊಂಡು ಬಂದ. ಅಳಿಯ ಅಂದ್ರ ನಮ್ಮ ಮನ್ಯಾಗ ದೇವರ ಜಗಲಿಕಿಂತ ಒಂದು ಗೇಣ ಎತ್ತರ. ಎಣ್ಣಿ ಹಚಗೊಂಡು, ಹೋಳಿಗಿ ತಿಂದು, ತಾಂಬೂಲ ಹಾಕ್ಕೊಂಡು ಪಡಸಾಲಿಗೆ ಬಂದ. "ಇದರ ತೂಕ ಎಷ್ಟದ?" ಅಂದ. ತರಕಾರ್ಯಾಕಿ ಮುಂದ ಗಡ್ಡಿ ತೂಗಿ ನೋಡಿದಂಗ ಒಂದ ಕೈಲೆ ಎತ್ತಿ ಮ್ಯಾಲ ಕೆಳಗ ಮಾಡಿದ. ಬಿತ್ತು. ಕುತಗಿಯಂಥಾ ಅದರ ಕೊಳ್ಳ ಸೀಳಿತು.

ನಮ್ಮ ಮನಿಯವರ ಮಾರಿ ಸುಣ್ಣದಂಗಾತು. ಖರೆ ಅಳಿಯಗ ಯಾರ ಅನ್ನಾವರು?

ಮಾವನವರೇ ಹಲ್ಲ ಕಿಸದು, "ಛಲೋ ಆತು ಅಳಿಯಾವ್ರ! ಅದರ ಕೊಳ್ಳಾಗ ಏನೋ ದೋಷ ಇದ್ದಿತ್ತು. ನಿಮ್ಮ ಕೈಗುಣದಿಂದ ಹೊರಗ ಬಿತ್ತು" ಅಂದ್ರು.

"ನನಗ ಎತ್ತಿದ ಕೂಡಲೇ ಗೊತ್ತಾತು" ಅಂದ ಅವ, ಗಂಭೀರಾಗಿ.

ನನಗ ಸಿಟ್ಟು ನೆತ್ತಿಗೇರಿತ್ತು. "ಇನ್ನೊಂದು ಹೋಳಿಗಿ ನೀಡ್ಲೇನ್ರಿ? ಎರಡೂ ಕೈಲೆ ಹಿಡೀರಿ ಮತ್ತ" ಅಂದೆ.

ಅವ ಹಿಡದ. ನಕ್ಕಿದ್ದು ನನ್ನ ನಾದಿನಿ ಒಬ್ಬಾಕಿನ.

ಮಾಲಕನ ಧೋತರ

ಸೀಳಿದ ಕೊಳ್ಳ ಹುಪರಿಗೆ ಹೋತು. ಅಲ್ಲಿ ಬೆಳ್ಳಿ ಕೆಲಸದಾವ ಒಂದು ಪಟ್ಟಿ ಬಿಗದು ಕೊಟ್ಟ. ಅವನ ಕೈಗೆ ಕಾಲ್ಗಡಗ ಮಾಡಿ ಗೊತ್ತು, ಪಟ್ಟಿ ಮ್ಯಾಲ ಹೂವು ಬಳ್ಳಿ ತಗದಿದ್ದ. ಬೈರಿಗಿ ಮದುಮಗಳಾಗಿ ಬಂತು.

ತುಳಸಿ ಲಗ್ನ ಬಂದೇಬಿಟ್ಟಿತು. ಕೆಲಸ ಅರ್ಧಾನೂ ಆಗಿದ್ದಿಲ್ಲ. ಮಾಲಕ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದ, ತೂತಿಲ್ಲದ ಕಟ್ಟಿಗಿ ರಾಶಿ ನೋಡಿದ, ಬೈರಿಗಿ ಕೊಳ್ಳಾಗಿನ ಹೂವು ನೋಡಿದ.

"ಕಾಯ್ ಹೋ ಮಿಸ್ತ್ರಿ, ಯಂತ್ರ ತಂದೀರೋ, ಸೊಸಿ ತಂದೀರೋ? ನಾಳೆ ಸಾಮಾನೆಲ್ಲ ಕಾಗಲಕ್ಕ ಕಳಸ್ತೇನಿ."

"ಏನ ಮಾಡೂದ್ರಿ, ಯಂತ್ರ ಬೀಳತದ, ಒಡೀತದ" ಅಂದ್ರು ಮಾವನವರು. ನಾ ಅಡಗಿಮನಿ ಬಾಗಲದಾಗ ನಿಂತಿದ್ದೆ. ನನ್ನ ಕಣ್ಣಿಗೆ ಗಡಹಿಂಗ್ಲಜದ ಆ ಎಣ್ಣಿ ಬುಡ್ಡೀನ ಕಂಡಿತು.

"ಬೀಳತದಂತ, ಒಡೀತದಂತ! ಹಿಡಿಯಾಕ ಬರಬೇಕು" ಅಂತ ಮಾಲಕ ಬೈರಿಗಿ ತಗೊಂಡ. ಟೊಂಕದ ಕೆಳಗ ಹಿಡದು ಗುಂಡಿ ಒತ್ತಿದ. ಅದು ಗುರ್ ಅಂತ ಜಿಗೀತು. ಜಿಗದದ್ದ ಧೋತರದ ನೀರಿಗಿಗೆ ಬಾಯಿ ಹಾಕಿ ಸುತ್ತಿಕೊಂತ ಹೊಂಟಿತು. ಗುಂಡಿ ಒಳಗ ಸಿಕ್ಕು ಕುಂತಿತ್ತು, ಬಿಡವಲ್ದು. ಮಾಲಕ ಕುಣಿಯಾಕ ಹತ್ತಿದ. ನಮ್ಮ ಮೂರೂ ಗಂಡಸರು, ಯಂತ್ರ ಹಿಡಿಬೇಕೋ ಮಾಲಕನ್ನ ಹಿಡಿಬೇಕೋ ತಿಳೀದ, ಧೋತರ ಹಿಡದು ಜಗ್ಗಿದ್ರು. ಅದು ಪೂರಾ ಬಿಚ್ಚಿತು.

ವಾಯರು ಚುಚ್ಚಿದ ಜಾಗಾ ನನ್ನ ಮಗ್ಗಲಾಗ ಗ್ವಾಡಿ ಮ್ಯಾಲ. ನಾ ಕೈ ಚಾಚಿದೆ.

"ಏ! ಹೆಂಗಸರು ಮುಟ್ಟಬಾರದು!" ಅಂತ ಮಾವನವರು ಒದರಿದ್ರು.

"ಮುಟ್ರಿ ತಾಯಿ! ನಿಮ್ಮ ಕಾಲ ಬೀಳ್ತೇನಿ, ಮುಟ್ರಿ!" ಅಂತ ಮಾಲಕ ಅವರಕಿಂತ ಜೋರ ಒದರಿದ.

ಮುಟ್ಟಿದೆ. ವಾಯರು ಕಿತ್ತೆ. ಯಂತ್ರ ನಿಂತಿತು. ನಿಂತ ಕೂಡಲೇ ಮಾಲಕ ಅದನ್ನ ಕೈಬಿಟ್ಟ. ಹೂವು ಒಂದ ಕಡೆ, ಬಳ್ಳಿ ಒಂದ ಕಡೆ.

ನಾ ಮಾರಿ ಗ್ವಾಡಿ ಕಡೆ ಮಾಡಿ ಕೇಳಿದೆ: "ಮಾಲಕರ, ನಮ್ಮ ಮನಿಯವರ ಧೋತರ ಕೊಡ್ಲೇನ್ರಿ, ಹಿಂಗ ಕಬನೂರಿಗೆ ಹೊಂಟೀರೇನು?"

ಗೋಣಿಚೀಲ ಸುತಗೊಂಡು ಕುಂತಾವ ಸಣ್ಣ ದನೀಲೆ ಅಂದ: "ಕೊಡ್ರಿ ತಾಯಿ. ಸಾಮಾನ ಸಂಕ್ರಾಂತಿಗೆ ಕೊಟ್ರೂ ನಡೀತದ, ಕೈಲೇನ ಮಾಡ್ರಿ. ಮುಂದಿಂದೂ ನಿಮಗ. ಬರೇ ಈ ಮಾತ ಓಣಿ ದಾಟಬಾರದು."

ನಮ್ಮಾವರು ಬೀಳಸಿ ಬೀಳಸಿ ಕಳಿಯಾಕ ಹೊಂಟಿದ್ದ ಕೆಲಸ, ಅವ ಒಮ್ಮೆ ಬೀಳಸಿ ಉಳಿಸಿ ಕೊಟ್ಟ. ನಾನೂ ಮಾತಿಗೆ ತಪ್ಪಲಿಲ್ಲ. ಓಣಿ ದಾಟಿ ಹೇಳಲಿಲ್ಲ. ಓಣ್ಯಾಗ ಅಷ್ಟ, ಮನಿಮನಿಗೆ ಹೋಗಿ ಹೇಳಿದೆ.

ಆಮ್ಯಾಲ ಯಾರ ಏನಾದ್ರು ಅಂದ್ರ, ಮಾಲಕ ಇರೂತನಕ ಕೆಲಸ ಕೊಟ್ಟ, ಖರೆ ನಮ್ಮ ಮನಿಗೆ ಬರೂವಾಗ ಧೋತರ ಬಿಟ್ಟು ವಿಜಾರ ಹಾಕ್ಕೊಂಡ ಬರತಿದ್ದ. ಅಳಿಯ ಗಡಹಿಂಗ್ಲಜದಾಗ ಪಂಚ ಆದ. ಏನ ಕೆಡಿಸಿದ್ರೂ ಛಲೋ ಆತು ಅನ್ನಾವರು ಅವನಿಗೆ ಅಲ್ಲೂ ಸಿಕ್ರು. ಮೈದುನ ಕೊಲ್ಹಾಪುರಕ್ಕ ಹೋಗಿ ಚಾದ ಕಪ್ಪು-ಬಶಿ ಮಾರೂ ಅಂಗಡಿ ಇಟ್ಟ, ಅದ ಹೆಂಗ ನಡಸಿದನೋ ದೇವರಿಗೇ ಗೊತ್ತು. ಮಾವನವರು ಹಣ್ಣಹಣ್ಣ ಮುದುಕರಾಗಿ, ನನ್ನ ಕೈಯಾಗ ನೀರ ಕುಡದು ಕಣ್ಣ ಮುಚ್ಚಿದ್ರು. "ನನ್ನ ಸೊಸಿ ಗಟ್ಟಿಗಿತ್ತಿ" ಅಂತ ಬಂದಾವರ ಮುಂದೆಲ್ಲ ಹೇಳತಿದ್ರಂತ. ನನ್ನ ಮುಂದ ಒಂದಿನಾನೂ ಹೇಳಲಿಲ್ಲ.

ನಮ್ಮ ಮನಿಯವರು ಮೊಮ್ಮಕ್ಕಳನ್ನ ಕಾಣೂ ತನಕ ಬಾಳಿದ್ರು. ಮೊಮ್ಮಕ್ಕಳಂದ್ರ ಜೀವ. ಅವರು ಕೂಸು ಎತ್ತಿಕೊಂಡಾಗೊಮ್ಮೆ ನಾ ಹೋಗಿ ಕೆಳಗ ಮೆತ್ತನ್ನ ಕೌದಿ ಹಾಸಿ ಬರತಿದ್ದೆ.