ಒಟಿಪಿ ಹೇಳದ ಗಂಡ

ಹಠ ಎನ್ನುವುದು ಹುಟ್ಟಿನಿಂದಲೇ ಬರಬೇಕು, ಅಂಗಡಿಯಲ್ಲಿ ಸಿಗುವುದಿಲ್ಲ. ನನಗೆ ಅದು ಧಾರಾಳವಾಗಿಯೇ ಬಂದಿದೆ. ನಾನು ಕ್ರೆಡಿಟ್ ಕಾರ್ಡ್ ಮಾಡಿಸಿದಾಗ ಚಳ್ಳಕೆರೆಯ ನಮ್ಮ ಬೀದಿಯವರೆಲ್ಲ, ಆನ್‌ಲೈನ್‌ನಲ್ಲಿ ಬರೀ ಕಳ್ಳರಿದ್ದಾರೆ ಎಂದು ಹೆದರಿಸಿದರು. ಕಳ್ಳರಿದ್ದಾರೆಂದು ಸಂತೆಗೆ ಹೋಗುವುದನ್ನು ಬಿಡುತ್ತೇವೆಯೇ? ಜೇಬಿನ ಮೇಲೆ ಕೈ ಇಟ್ಟುಕೊಂಡು ಹೋಗುತ್ತೇವೆ. ನಾನೂ ಹಾಗೇ ಕೆಲವು ಕಟ್ಟಳೆ ಮಾಡಿಕೊಂಡೆ. ಬಸ್ ಸ್ಟ್ಯಾಂಡಿನ ಪುಕ್ಕಟೆ ವೈಫೈಯಲ್ಲಿ ಏನನ್ನೂ ಕೊಳ್ಳುವುದಿಲ್ಲ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತುವುದಿಲ್ಲ. ಕಾರ್ಡಿನ ನಂಬರ್ ನೆನಪಿಟ್ಟುಕೊಳ್ಳಲೇ ಎಂದು ವೆಬ್‌ಸೈಟು ನಯವಾಗಿ ಕೇಳಿದರೆ, 'ನಿನಗ್ಯಾಕಪ್ಪಾ ನನ್ನ ಕಾರ್ಡಿನ ಉಸಾಬರಿ' ಎಂದು ಬಾಯಿಬಿಟ್ಟೇ ಬೈದು, ಬೇಡ ಎಂದು ಒತ್ತುತ್ತೇನೆ. ಇನ್ನು ಒಟಿಪಿಯನ್ನಂತೂ ಸಾಕ್ಷಾತ್ ಬ್ರಹ್ಮನೇ ಬಂದು ಕೇಳಿದರೂ ಹೇಳುವುದಿಲ್ಲ.

ಬ್ರಹ್ಮ ಬರಲಿಲ್ಲ, ಹೆಂಡತಿ ಕೇಳಿದಳು. ನನ್ನ ಹೆಂಡತಿ ಪದ್ಮಾ ಶಾಲೆಯಲ್ಲಿ ಟೀಚರ್. ತವರು ಮೊಳಕಾಲ್ಮುರು. ಅಲ್ಲಿ ನಮ್ಮತ್ತೆ ಈಗಲೂ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಾರೆ. ಅವರ ಮಂಡಿನೋವಿಗೆ ಒಂದು ಪಟ್ಟಿ ತರಿಸೋಣವೆಂದು ಪದ್ಮಾ ನನ್ನ ಕಾರ್ಡು ತೆಗೆದುಕೊಂಡು ತವರಿಗೆ ಹೋಗಿದ್ದಳು. ಒಟಿಪಿ ಬಂದದ್ದು ಮಾತ್ರ ಚಳ್ಳಕೆರೆಯಲ್ಲಿದ್ದ ನನ್ನ ಫೋನಿಗೆ.

"ರೀ, ಬೇಗ ಹೇಳ್ರಿ, ಟೈಮ್ ಮುಗೀತೈತೆ."

"ಹೇಳಲ್ಲ. ನೀನು ಪದ್ಮಾನೇ ಅನ್ನೋಕೆ ಏನು ಗ್ಯಾರಂಟಿ?"

ಮಗ್ಗದ ಸದ್ದು ನಿಂತಿತು. ಅತ್ತೆ ಫೋನ್ ಕಸಿದುಕೊಂಡರು. ಸಿಟ್ಟು ಬಂದರೆ ಅವರ ಬಾಯಲ್ಲಿ ಅಳಿಯ ತೆಲುಗಿನ ಅಲ್ಲುಡು ಆಗಿಬಿಡುತ್ತಾನೆ. "ಏಮಯ್ಯಾ ಅಲ್ಲುಡೂ, ನನ್ನ ದನೀನಾದ್ರೂ ಗುರುತು ಸಿಗ್ತೈತಾ?"

"ಈಗಿನ ಕಳ್ಳರು ದನೀನೂ ಕದೀತಾರೆ ಅತ್ತೆ," ಎಂದು ಫೋನ್ ಇಟ್ಟೆ. ಮರುದಿನ ಪದ್ಮಾ ಬಸ್ಸು ಹಿಡಿದು ಬಂದು, ನನ್ನ ಎದುರಿಗೇ ಕೂತು ಪಟ್ಟಿ ತರಿಸಿದಳು. ಆಮೇಲೆ ಆ ವಾರವೆಲ್ಲ ಮಾತಿಲ್ಲ, ಬರೀ ತಿಳಿಸಾರು. ನಾನು ಬಗ್ಗಲಿಲ್ಲ. "ನನ್ನಿಂದ ಈ ಕಾರ್ಡಿನ ನಂಬರ್ ಹೊರಗೆ ಹೋದ ದಿನ ಕಾರ್ಡಿನ ವ್ಯವಹಾರವೆಲ್ಲ ನಿಂದೇ. ನಿನ್ನ ಅಪ್ಪಣೆ ಇಲ್ಲದೆ ನಾನು ಮುಟ್ಟಿದರೆ ಕೇಳು," ಎಂದು ತಿಳಿಸಾರಿನ ಮುಂದೆಯೇ ಆಣೆ ಮಾಡಿದೆ.

ಕೆಲವು ದಿನಗಳಲ್ಲೇ ಕಳ್ಳ ನನಗೂ ಫೋನ್ ಮಾಡಿದ. ಬ್ಯಾಂಕಿನಿಂದಂತೆ. ಒಟಿಪಿ ಹೇಳದಿದ್ದರೆ ಕಾರ್ಡು ಬಂದ್ ಆಗುತ್ತದಂತೆ. "ಆಗ್ಲಿ ಬಿಡು," ಎಂದೆ. ಪೊಲೀಸ್ ಕೇಸಾಗುತ್ತದೆ ಎಂದ. "ಸ್ಟೇಷನ್ನು ನಮ್ಮನೆ ಹತ್ರಾನೇ ಐತೆ, ನೀನೂ ಬಾ, ಜೊತೇಲಿ ಹೋಗೋಣ," ಎಂದೆ. ಕೊನೆಗೆ ಪಾಪ, ಅವನೇ ಬೇಸತ್ತು ಫೋನ್ ಇಟ್ಟ. ಈ ಕಥೆಯನ್ನು ಟೀ ಅಂಗಡಿಯಲ್ಲಿ ಹೇಳಿದೆ, ಸ್ವಲ್ಪ ಒಗ್ಗರಣೆ ಹಾಕಿಯೇ ಹೇಳಿದೆ. ಕೇಳುತ್ತಿದ್ದವರಲ್ಲಿ ನನ್ನ ಬಾಲ್ಯದ ಗೆಳೆಯ ತಿಪ್ಪೇಶಿಯೂ ಇದ್ದ. ಅವನದು ಫ್ಲೆಕ್ಸ್ ಅಂಗಡಿ. ನಮ್ಮೂರಿನಲ್ಲಿ ಹಲ್ಲು ಕೀಳಿಸಿಕೊಂಡು ಬಂದವನಿಗೂ ಒಂದು ಫ್ಲೆಕ್ಸ್ ಬೀಳುತ್ತದೆ. ಕಳ್ಳನನ್ನು ಸೋಲಿಸಿದವನಿಗೆ ಬೀಳದಿರುತ್ತದೆಯೇ?

"ಲೇ, ಬರೀ ಕೈ ಮುಗಿದು ನಿಂತ್ರೆ ಎಲೆಕ್ಷನ್ನಿಗೆ ನಿಂತಂಗೆ ಕಾಣ್ತೀಯ. ಕಾರ್ಡ್ ಹಿಡ್ಕಂಡು ನಿಲ್ಲು," ಎಂದ ತಿಪ್ಪೇಶಿ. ಹೆಗಲಿಗೊಂದು ಶಾಲೂ ಹೊದಿಸಿದ. ನಾನು ಎದೆ ಉಬ್ಬಿಸಿ, ಕಾರ್ಡನ್ನು ಖಡ್ಗದಂತೆ ಎತ್ತಿ ಹಿಡಿದೆ. ಅವನು ಫೋಟೋ ಹೊಡೆದ.

ಭಾನುವಾರ ಸಂಜೆ ಪದ್ಮಾ ತವರಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿನಲ್ಲಿ ನನ್ನ ಕಾರ್ಡಿನ ನಂಬರ್ ಪೂರ್ತಿ ಹೇಳಿದಳು.

"ನಿನಗೆ ಹೇಗೆ ಗೊತ್ತಾಯ್ತು?"

"ಬಸ್ ಸ್ಟ್ಯಾಂಡಿನ ಎದುರಿಗೆ ನಿಮ್ಮ ಫ್ಲೆಕ್ಸ್ ನೇತಾಕಿದ್ದಾರಲ್ರಿ, ಕನ್ನಡಕ ಇಲ್ಲದೋರಿಗೂ ಕಾಣೋ ಹಂಗೆ. ಬಸ್ಸು ನಿಲ್ಲೋದರೊಳಗೆ ಬಾಯಿಪಾಠ ಆಯ್ತು."

ಜೇಬಿನಿಂದ ಕಾರ್ಡ್ ತೆಗೆದು ತಿರುಗಿಸಿ ನೋಡಿದೆ. ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ. "ಹಿಂದುಗಡೆಯ ಮೂರು ಅಂಕಿ ಯಾರಿಗೂ ಕಾಣಲ್ಲ!" ಎಂದೆ.

"ಅದನ್ನೂ ಪಕ್ಕದ ಕಂಬಕ್ಕೆ ಹಾಕ್ಸಿ," ಎಂದು ಒಳಗೆ ಹೋದಳು.

ಕಾರ್ಡಿನ ಹಿಂದೆ ಅಚ್ಚಾಗಿದ್ದ ಬ್ಯಾಂಕಿನ ನಂಬರಿಗೇ ಫೋನ್ ಮಾಡಿ ಕಾರ್ಡ್ ಬಂದ್ ಮಾಡಿಸಿದೆ. ದುಡ್ಡೇನೂ ಹೋಗಿರಲಿಲ್ಲ, ಹೋದದ್ದು ಮಾನ. ಆದರೆ ಆಣೆ ಆಣೆಯೇ. ಈಗ ಮನೆಯಲ್ಲಿರುವುದು ಪದ್ಮಾಳ ಹೆಸರಿನ ಕಾರ್ಡು. ಒಟಿಪಿ ಹೋಗುವುದೂ ಅವಳ ಫೋನಿಗೇ.

ಮೊನ್ನೆ ನನ್ನ ಮಂಡಿಯೂ ಹಿಡಿದುಕೊಂಡಿತು. ಅತ್ತೆಯ ಪಟ್ಟಿಯಂಥದ್ದೇ ನನಗೂ ಒಂದು ಬೇಕಾಯಿತು. ಕಾರ್ಡು ಮನೆಯಲ್ಲಿತ್ತು, ಪದ್ಮಾ ಮೊಳಕಾಲ್ಮುರಿನಲ್ಲಿದ್ದಳು. ಅವಳ ಅಪ್ಪಣೆ ಕೇಳಿಯೇ ಕಾರ್ಡಿನ ನಂಬರ್ ತುಂಬಿಸಿ, "ಪದ್ಮಾ, ಒಟಿಪಿ ಹೇಳೇ ಬೇಗ," ಎಂದು ಫೋನ್ ಮಾಡಿದೆ.

ಆ ಕಡೆ ಮಗ್ಗದ ಸದ್ದು ನಿಂತಿತು. ಅತ್ತೆ ನಗುವುದು ಕೇಳಿಸಿತು.

"ನೀವು ನನ್ನ ಗಂಡನೇ ಅನ್ನೋಕೆ ಏನ್ರಿ ಗ್ಯಾರಂಟಿ?" ಎಂದಳು ಪದ್ಮಾ.

ಕಟ್ಟಳೆ ಎಂದರೆ ಕಟ್ಟಳೆ. ನಾನೇ ಮಾಡಿದ್ದು, ಈಗಲೂ ಅದು ಸರಿಯೆಂದೇ ವಾದಿಸುತ್ತೇನೆ. ಮಂಡಿ ನೀವಿಕೊಳ್ಳುತ್ತಾ ಮೊಳಕಾಲ್ಮುರಿನ ಬಸ್ಸು ಹತ್ತಿದೆ.